ಮಾರಿಕಣಿವೆಯಲ್ಲಿ ಕೈ ಪಳಗಿಸಿ, ಆಮೇಲೆ ಹಿಮಾಲಯ: ಉಪಗ್ರಹ ಲೇಸರ್‌ನಿಂದ ಹಿಮನದಿಯ ಎತ್ತರ ಅಳೆಯುವ ಬಗೆ

ಮಾರಿಕಣಿವೆಯಲ್ಲಿ ಇವತ್ತು ನೀರು ಎಷ್ಟು ಅಡಿ ಇದೆ ಎಂದು ಹಿರಿಯೂರಿನ ಯಾವ ತೋಟದವರನ್ನು ಕೇಳಿದರೂ ಹೇಳುತ್ತಾರೆ. 130 ಅಡಿಗೆ ಕೋಡಿ. 1933ರಲ್ಲಿ ಕೋಡಿ ಬಿದ್ದಿದ್ದ ಈ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ. ಈ ಅಡಿಯ ಲೆಕ್ಕವನ್ನು ಇಡೀ ಸೀಮೆ ನಂಬುವುದು ಅಳತೆಪಟ್ಟಿ ಅಣೆಕಟ್ಟೆಯ ಕಲ್ಲಿನಲ್ಲಿ ಕೂತಿದೆ ಎಂಬ ಕಾರಣಕ್ಕೆ. ಕಲ್ಲು ಅಲುಗದು, ಹಾಗಾಗಿ ಲೆಕ್ಕವೂ ಅಲುಗದು.

ಹಿಮನದಿಗೆ ಅಂಥ ಪಟ್ಟಿಯಿಲ್ಲ. ಮಂಜುಗಡ್ಡೆ ಕರಗುತ್ತದೆ, ಜಾರುತ್ತದೆ, ಮೇಲೆ ಹೊಸ ಹಿಮ ಬೀಳುತ್ತದೆ. ಅದು ವರ್ಷಕ್ಕೆ ಎಷ್ಟು ತಗ್ಗುತ್ತಿದೆ ಎಂದು ಸುಮಾರು 500 ಕಿಲೋಮೀಟರ್ ಎತ್ತರದಿಂದ ಲೇಸರ್ ಬಿಟ್ಟು ಅಳೆಯುವ ಉಪಗ್ರಹವೊಂದು ಈಗ ಸುತ್ತುತ್ತಿದೆ. ದತ್ತಾಂಶ ಉಚಿತ. ದಾವಣಗೆರೆಯ ಹಾಸ್ಟೆಲ್ ಕೋಣೆಯಲ್ಲಿ 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇಟ್ಟುಕೊಂಡು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಹಿಮನದಿಯ ಲೆಕ್ಕ ಹಾಕಬಹುದು. ಆದರೆ ಬಂದ ಸಂಖ್ಯೆ ಸರಿಯೋ ತಪ್ಪೋ ಎಂದು ನೋಡಲು ಲಾಹೌಲ್‌ಗೆ ಹೋಗಲಾಗದು. ಹಾಗಾಗಿ ಈ ಬರಹದ ಒತ್ತು ಒಂದೇ ಕಡೆ: ಉತ್ತರ ಮೊದಲೇ ಗೊತ್ತಿರುವ ಜಾಗದಲ್ಲಿ, ಅಂದರೆ ಮಾರಿಕಣಿವೆಯ ನೀರಿನ ಮೇಲೆ, ನಿಮ್ಮ ವಿಧಾನವನ್ನು ಪರೀಕ್ಷೆಗೆ ಹಚ್ಚಿ. ಅಲ್ಲಿ ಪಾಸಾದ ಮೇಲೆ ಹಿಮಾಲಯಕ್ಕೆ ಹೋಗಿ.

ಲೇಸರ್ ಏನನ್ನು ಅಳೆಯುತ್ತದೆ

ಮೊದಲ ಐಸ್‌ಸ್ಯಾಟ್ ಉಪಗ್ರಹ 2003ರ ಜನವರಿಯಲ್ಲಿ ಹಾರಿ 2009ರ ಅಕ್ಟೋಬರ್‌ವರೆಗೆ ಲೇಸರ್ ಅಳತೆ ಮಾಡಿತು. ಅದರ ಬೆಳಕು ನೆಲದ ಮೇಲೆ ಸುಮಾರು 70 ಮೀಟರ್ ಅಗಲದ ಮಚ್ಚೆಯಾಗಿ ಬೀಳುತ್ತಿತ್ತು, ಮಚ್ಚೆಯಿಂದ ಮಚ್ಚೆಗೆ ಸುಮಾರು 170 ಮೀಟರ್ ಅಂತರ. ಈಗ ಬಳಸುವುದು 2018ರ ಸೆಪ್ಟೆಂಬರ್ 15ರಂದು ಹಾರಿದ ಐಸ್‌ಸ್ಯಾಟ್-2. ಅದರೊಳಗಿನ ಅಟ್ಲಾಸ್ ಎಂಬ ಉಪಕರಣ 532 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕನ್ನು ಸೆಕೆಂಡಿಗೆ 10,000 ಸಲ ಮಿಡಿಸುತ್ತದೆ. ನೆಲದ ಮೇಲೆ ಮಚ್ಚೆಯ ಅಗಲ ಸುಮಾರು 11 ಮೀಟರ್, ಸಾಗುವ ದಾರಿಯಲ್ಲಿ ಮಿಡಿತದಿಂದ ಮಿಡಿತಕ್ಕೆ 0.7 ಮೀಟರ್. ಮರಳಿ ಬರುವ ಬೆಳಕಿನ ಕಣಗಳನ್ನು, ಅಂದರೆ ಫೋಟಾನ್‌ಗಳನ್ನು ಒಂದೊಂದಾಗಿ ಎಣಿಸಿ, ಹೋಗಿ ಬರಲು ಹಿಡಿದ ಹೊತ್ತಿನಿಂದ ದೂರ ಕಂಡುಹಿಡಿಯುತ್ತಾರೆ. ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಎತ್ತರದಲ್ಲಿ 15 ಸೆಂಟಿಮೀಟರ್ ತಪ್ಪು.

ಕಿರಣಗಳು ಆರು, ಮೂರು ಜೋಡಿಯಾಗಿ. ಜೋಡಿಗಳ ನಡುವೆ 3.3 ಕಿಲೋಮೀಟರ್, ಒಂದೇ ಜೋಡಿಯ ಎರಡು ಕಿರಣಗಳ ನಡುವೆ 90 ಮೀಟರ್. ಪ್ರತಿ ಜೋಡಿಯಲ್ಲಿ ಒಂದು ಪ್ರಬಲ, ಒಂದು ದುರ್ಬಲ. ಶಕ್ತಿಯ ಅನುಪಾತ 4:1. ಫೈಲಿನಲ್ಲಿ ಇವುಗಳಿಗೆ ಎಡ, ಬಲ ಎಂಬ ಗುರುತು ಇರುತ್ತದೆಯೇ ಹೊರತು ಪ್ರಬಲ, ದುರ್ಬಲ ಎಂದಲ್ಲ. ಉಪಗ್ರಹ ಮುಮ್ಮುಖವಾಗಿದ್ದಾಗ ಬಲಗಡೆಯವು ಪ್ರಬಲ, ಹಿಮ್ಮುಖವಾಗಿದ್ದಾಗ ಎಡಗಡೆಯವು. ಎಸ್‌ಸಿ-ಓರಿಯೆಂಟ್ ಎಂಬ ಕಾಲಂನಲ್ಲಿ 1 ಇದ್ದರೆ ಮುಮ್ಮುಖ, 0 ಇದ್ದರೆ ಹಿಮ್ಮುಖ, 2 ಇದ್ದರೆ ತಿರುಗುತ್ತಿರುವ ಹೊತ್ತು. 2 ಇರುವ ಫೈಲನ್ನು ಕೈಬಿಡಿ. ಇದನ್ನು ನೋಡದೆ ಎಡಗಡೆಯವೇ ಪ್ರಬಲ ಎಂದು ಎಣಿಸಿದರೆ ಕೆಲವು ತಿಂಗಳ ದತ್ತಾಂಶದಲ್ಲಿ ದುರ್ಬಲ ಕಿರಣಗಳನ್ನೇ ಆರಿಸಿಕೊಂಡಿರುತ್ತೀರಿ, ಗೊತ್ತೂ ಆಗುವುದಿಲ್ಲ.

91 ದಿನಕ್ಕೊಮ್ಮೆ ಉಪಗ್ರಹ ತನ್ನ 1,387 ಪಥಗಳನ್ನು ಮುಗಿಸಿ ಮೊದಲಿನಿಂದ ಶುರುಮಾಡುತ್ತದೆ. ಭೂಮಧ್ಯರೇಖೆಯ 40,075 ಕಿಲೋಮೀಟರನ್ನು 1,387ರಿಂದ ಭಾಗಿಸಿ: ಒಂದೇ ದಿಕ್ಕಿಗೆ ಸಾಗುವ ಅಕ್ಕಪಕ್ಕದ ಪಥಗಳ ನಡುವೆ ಸುಮಾರು 29 ಕಿಲೋಮೀಟರ್. ನಿಮ್ಮೂರಿನ ಕೆರೆಯ ಮೇಲೆ ಪಥ ಹಾಯುತ್ತದೆ ಎಂಬ ಖಾತರಿ ಇಲ್ಲ.

ಬೇಕಾಗುವ ಸಾಮಾನು

ನಾಸಾದ ಅರ್ಥ್‌ಡೇಟಾ ಖಾತೆ ಒಂದು ಬೇಕು, ಹಣವಿಲ್ಲ. ದತ್ತಾಂಶ ಸಿಗುವುದು ಅಮೆರಿಕದ ರಾಷ್ಟ್ರೀಯ ಹಿಮ ಮತ್ತು ಮಂಜುಗಡ್ಡೆ ದತ್ತಾಂಶ ಕೇಂದ್ರದಲ್ಲಿ. ಪೈಥಾನ್, ಅದರಲ್ಲಿ ಎಚ್‌5ಪೈ, ಐಸ್‌ಪಿಕ್ಸ್, ಪೈಪ್ರೋಜ್, ರಾಸ್ಟೆರಿಯೊ ಗ್ರಂಥಾಲಯಗಳು. ನಕ್ಷೆ ನೋಡಲು ಕ್ಯೂಜಿಐಎಸ್. ಲ್ಯಾಪ್‌ಟಾಪ್ ಹಳೆಯದಾದರೆ ಗೂಗಲ್ ಕೊಲ್ಯಾಬ್‌ನಲ್ಲೇ ಎಲ್ಲ ಮಾಡಬಹುದು.

ಯಾವ ಉತ್ಪನ್ನ ಇಳಿಸಿಕೊಳ್ಳಬೇಕು ಎಂಬಲ್ಲಿ ಹೊಸಬರು ಎಡವುತ್ತಾರೆ. ಎಟಿಎಲ್03 ಎಂದರೆ ಒಂದೊಂದು ಫೋಟಾನ್‌ನ ದಾಖಲೆ, ಒಂದು ಫೈಲೇ ಗಿಗಾಬೈಟ್‌ಗಟ್ಟಲೆ. ಎಟಿಎಲ್06 ಎಂದರೆ 40 ಮೀಟರ್ ಉದ್ದದ ತುಂಡುಗಳಿಗೆ ಗೆರೆ ಹೊಂದಿಸಿ, 20 ಮೀಟರಿಗೊಂದರಂತೆ ಕೊಟ್ಟ ಎತ್ತರ. ನಮ್ಮ ಕೆಲಸಕ್ಕೆ ಎಟಿಎಲ್06. ಎಟಿಎಲ್08 ಕಾಡು ಮತ್ತು ನೆಲಕ್ಕೆ, ಎಟಿಎಲ್13 ಒಳನಾಡಿನ ನೀರಿಗೆ. ಎಟಿಎಲ್11 ಎಂಬ ಸಿದ್ಧ ಕಾಲಸರಣಿ ಧ್ರುವ ಪ್ರದೇಶಗಳಿಗೆ ಮಾತ್ರ. ಹಿಮಾಲಯಕ್ಕೆ ಅದನ್ನು ಹುಡುಕುತ್ತಾ ಕೂರಬೇಡಿ.

ಫೈಲಿನ ಹೆಸರನ್ನು ಓದಲು ಕಲಿಯಿರಿ. ದಿನಾಂಕ ಮತ್ತು ಸಮಯ ಆದ ಮೇಲೆ ಎಂಟು ಅಂಕಿ ಬರುತ್ತವೆ: ಮೊದಲ ನಾಲ್ಕು ಪಥದ ಸಂಖ್ಯೆ, ಮುಂದಿನ ಎರಡು 91 ದಿನದ ಸುತ್ತಿನ ಸಂಖ್ಯೆ, ಕೊನೆಯ ಎರಡು ವಲಯ, ಅಂದರೆ ಪಥದ ಯಾವ ತುಂಡು ಎಂಬುದು. ಕರ್ನಾಟಕದ ಮೇಲಿನ ಫೈಲುಗಳಲ್ಲಿ ವಲಯ 01 ಅಥವಾ 07, ಲಾಹೌಲ್ ಮೇಲಿನವುಗಳಲ್ಲಿ 02 ಅಥವಾ 06. ಅದಾದ ಮೇಲೆ ಆವೃತ್ತಿಯ ಸಂಖ್ಯೆ. ಒಂದು ಲೆಕ್ಕದಲ್ಲಿ ಎರಡು ಆವೃತ್ತಿಗಳನ್ನು ಬೆರೆಸಬೇಡಿ. ಸಂಸ್ಕರಣೆ ಬದಲಾದಾಗ ಹುಟ್ಟುವ ಕೆಲವು ಸೆಂಟಿಮೀಟರ್ ಅಂತರ ಹಿಮ ಕರಗಿದಂತೆ ಕಾಣಿಸಿಬಿಡುತ್ತದೆ.

ಇಡೀ ಫೈಲ್ ಇಳಿಸಬೇಡಿ. ಐಸ್‌ಪಿಕ್ಸ್‌ನಲ್ಲಿ ಅಕ್ಷಾಂಶ, ರೇಖಾಂಶದ ಚೌಕ ಕೊಟ್ಟು ಆ ತುಂಡನ್ನಷ್ಟೇ ತರಿಸಿಕೊಂಡರೆ ಮೊಬೈಲ್ ಡೇಟಾದಲ್ಲೂ ಕೆಲಸ ನಡೆಯುತ್ತದೆ.

ಮೊದಲ ಹಂತ: ನೀರಿನ ಮೇಲೆ ಪರೀಕ್ಷೆ

ಕ್ಯೂಜಿಐಎಸ್‌ನಲ್ಲಿ ವಾಣಿವಿಲಾಸ ಸಾಗರದ ನೀರಿನ ಗಡಿ ಬರೆದುಕೊಳ್ಳಿ, ದಡದಿಂದ 200 ಮೀಟರ್ ಒಳಗೆ ಸರಿಸಿ. ಆ ಗಡಿಯೊಳಗೆ ಬೀಳುವ ಎಟಿಎಲ್06 ಬಿಂದುಗಳನ್ನು ಆರಿಸಿ. ಪಥ ಅಲ್ಲಿ ಹಾಯದಿದ್ದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡಿ, ಅದೂ ಆಗದಿದ್ದರೆ ಹೊಸಪೇಟೆಯ ತುಂಗಭದ್ರಾ ಜಲಾಶಯವಿದೆ. ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹಾಯುವಿಕೆಗಳಲ್ಲಿ ಬಹುಪಾಲು ಮೋಡಕ್ಕೆ ಬಲಿ. ಲೇಸರ್ ದಟ್ಟ ಮೋಡ ದಾಟುವುದಿಲ್ಲ. ನವೆಂಬರ್‌ನಿಂದ ಮೇವರೆಗಿನವು ಒಳ್ಳೆಯವು.

ಎತ್ತರ ಇರುವ ಕಾಲಂ ಎಚ್-ಎಲ್‌ಐ. ಅದನ್ನು ತೆರೆದ ಕೂಡಲೇ ಗಾಬರಿಯಾಗುವ ಎರಡು ಸಂಗತಿ ಕಾಣುತ್ತವೆ. ಕೆಲವು ಕಡೆ 34ರ ಮುಂದೆ 37 ಸೊನ್ನೆ ಬರುವಷ್ಟು ದೊಡ್ಡ ಸಂಖ್ಯೆ: ಅದು ಎತ್ತರವಲ್ಲ, ಅಳತೆ ಸಿಗಲಿಲ್ಲ ಎಂಬ ಗುರುತು, ತೆಗೆದುಹಾಕಿ. ಎರಡನೆಯದು, ಎತ್ತರಗಳೆಲ್ಲ ಕಡಿಮೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆ ಈ ಫೈಲಿನಲ್ಲಿ 510–520 ಮೀಟರ್ ಎಂದು ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಲೇಸರ್ ಎತ್ತರವನ್ನು ಡಬ್ಲ್ಯುಜಿಎಸ್84 ಎಂಬ ಗಣಿತದ ನುಣುಪು ಮೇಲ್ಮೈಯಿಂದ ಅಳೆಯುತ್ತಾರೆ. ನಾವು ಸಮುದ್ರಮಟ್ಟ ಎನ್ನುವ ಜಿಯಾಯ್ಡ್ ದಕ್ಷಿಣ ಭಾರತದ ಈ ಭಾಗದಲ್ಲಿ ಅದಕ್ಕಿಂತ 80–90 ಮೀಟರ್ ಕೆಳಗಿದೆ. ಸೂತ್ರ ನೆನಪಿಡಿ: ಸಮುದ್ರಮಟ್ಟದ ಎತ್ತರಕ್ಕೆ ಜಿಯಾಯ್ಡ್‌ನ ಬೆಲೆ ಕೂಡಿದರೆ ಲೇಸರ್ ಎತ್ತರ. ಭಾರತದಲ್ಲಿ ಜಿಯಾಯ್ಡ್ ಬೆಲೆ ಋಣ, ಆದ್ದರಿಂದ ಕೂಡಿದಾಗ ಕಡಿಮೆಯಾಗುತ್ತದೆ.

ಜಲಾಶಯದಲ್ಲಿ ಇದರ ತಲೆನೋವೇ ಬೇಡ. ಎರಡು ದಿನಾಂಕಗಳ ವ್ಯತ್ಯಾಸವನ್ನು ಮಾತ್ರ ಹೋಲಿಸಿ. ಎರಡೂ ದಿನದ ಬಿಂದುಗಳು ಹತ್ತಿರ ಹತ್ತಿರ ಬಿದ್ದಿದ್ದರೆ ಪಟ್ಟಿಯ ಸೊನ್ನೆ ಎಲ್ಲಿದೆ, ಜಿಯಾಯ್ಡ್ ಎಷ್ಟು ಎಂಬುದೆಲ್ಲ ಕಳೆದುಹೋಗುತ್ತದೆ. ಉದಾಹರಣೆಗೆ, ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಒಂದು ದಿನ 121.5 ಅಡಿ, ಮೂರು ತಿಂಗಳ ನಂತರ 118.2 ಅಡಿ ಇದ್ದರೆ ಇಳಿಕೆ 3.3 ಅಡಿ. 0.3048ರಿಂದ ಗುಣಿಸಿ: 1.01 ಮೀಟರ್. ನಿಮ್ಮ ಲೇಸರ್ ಬಿಂದುಗಳ ಮಧ್ಯಕ ಎತ್ತರ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು) ಇದೇ ಎರಡು ದಿನಗಳ ನಡುವೆ ಎಷ್ಟು ಇಳಿಯಿತು ನೋಡಿ. 10 ಸೆಂಟಿಮೀಟರ್ ಒಳಗೆ ಹೊಂದಿದರೆ ನೀವು ಫೈಲ್ ಓದಿದ್ದು, ದಿನಾಂಕ ತೆಗೆದದ್ದು, ಬಿಂದು ಆರಿಸಿದ್ದು ಎಲ್ಲ ಸರಿ.

ಹೊಂದದಿದ್ದರೆ ನೋಡಬೇಕಾದದ್ದು ಮೂರು. ದಿನಾಂಕ: ಡೆಲ್ಟಾ-ಟೈಮ್ ಕಾಲಂ 2018ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಕಂಪ್ಯೂಟರಿನ ಮಾಮೂಲು 1970ರಿಂದ ಎಣಿಸಿದರೆ 48 ವರ್ಷ ಹಿಂದೆ ಹೋಗಿರುತ್ತೀರಿ. ಕನ್ನಡಿಯಂತೆ ನಿಂತ ನೀರು: ಗಾಳಿಯಿಲ್ಲದ ದಿನ ಬೆಳಕು ನೇರವಾಗಿ ಮರಳಿ ಪತ್ತೆಯಂತ್ರವನ್ನು ಸ್ತಬ್ಧಗೊಳಿಸುತ್ತದೆ, ನಿಜ ಮೇಲ್ಮೈಯ ಕೆಳಗೆ ಸುಳ್ಳು ಪದರಗಳು ಕಾಣುತ್ತವೆ. ಮೂರನೆಯದು ಆಳವಿಲ್ಲದ ಹಿನ್ನೀರು: ಹಸಿರು ಬೆಳಕು ತಿಳಿನೀರಿನೊಳಗೆ ಇಳಿದು ತಳದಿಂದಲೂ ಮರಳುತ್ತದೆ, ಎತ್ತರ ಕೆಳಗೆ ಜಗ್ಗುತ್ತದೆ.

ಈ ಹಂತಕ್ಕೆ ಒಂದು ವಾರ ಕೊಡಿ. ಹಿಮನದಿಯ ಲೆಕ್ಕಕ್ಕೆ ಕೂತ ಮೇಲೆ ಇಲ್ಲಿನ ತಪ್ಪುಗಳನ್ನು ಅಲ್ಲಿ ಗುರುತಿಸಲು ಸಾಧ್ಯವೇ ಇಲ್ಲ, ಏಕೆಂದರೆ ಅಲ್ಲಿ 48 ಸೆಂಟಿಮೀಟರ್ ತಪ್ಪೂ ನಂಬಲರ್ಹ ಉತ್ತರದಂತೆ ಕಾಣುತ್ತದೆ.

ಎರಡನೇ ಹಂತ: ಹಿಮನದಿಯ ಜಾಗ ಮತ್ತು ಆಧಾರದ ನಕ್ಷೆ

ಕಲಿಯಲು ಲಾಹೌಲ್‌ನಲ್ಲಿರುವ ಚಂದ್ರಾ ಕಣಿವೆ ಒಳ್ಳೆಯದು. ಅಲ್ಲಿನ ಛೋಟಾ ಶಿಗ್ರಿ ಹಿಮನದಿಯನ್ನು 2002ರಿಂದ ವರ್ಷವೂ ನೆಲದ ಮೇಲೆ ನಡೆದೇ ಅಳೆಯುತ್ತಿದ್ದಾರೆ. ವಿಸ್ತೀರ್ಣ ಸುಮಾರು 15 ಚದರ ಕಿಲೋಮೀಟರ್, ಉದ್ದ ಸುಮಾರು 9 ಕಿಲೋಮೀಟರ್. ಅದು ವರ್ಷಕ್ಕೆ ಸರಾಸರಿ ಅರ್ಧ ಮೀಟರ್ ನೀರಿನಷ್ಟು ಕಳೆದುಕೊಳ್ಳುತ್ತಿದೆ ಎಂಬುದು ಆ ಅಳತೆಗಳ ಒಟ್ಟು ಚಿತ್ರ. ಮಾರಿಕಣಿವೆಯ ಪಟ್ಟಿಯಂತೆ, ಅಲ್ಲಿಯೂ ಹೋಲಿಸಿ ನೋಡಲು ಒಂದು ಆಸರೆ ಇದೆ.

ಆದರೆ ಒಂದೇ ಹಿಮನದಿಯ ಲೆಕ್ಕಕ್ಕೆ ಕೈಹಾಕಬೇಡಿ. 15 ಚದರ ಕಿಲೋಮೀಟರ್ ಜಾಗದ ಮೇಲೆ ವರ್ಷದಲ್ಲಿ ಮೋಡವಿಲ್ಲದ ಹಾಯುವಿಕೆ ಒಂದೋ ಎರಡೋ ಸಿಗಬಹುದು, ಸಿಗದೆಯೂ ಇರಬಹುದು. ಇಡೀ ಚಂದ್ರಾ ಜಲಾನಯನ ತೆಗೆದುಕೊಳ್ಳಿ. ಹಿಮನದಿಗಳ ಗಡಿಗೆ ರಾಂಡಾಲ್ಫ್ ಪಟ್ಟಿ ಎಂಬ ಜಗತ್ತಿನ ಹಿಮನದಿಗಳ ದಾಖಲೆಯ 7ನೇ ಆವೃತ್ತಿ, ವಲಯ 14. ಆ ಗಡಿಗಳು 2000ದ ಆಸುಪಾಸಿನವು. ಅಲ್ಲಿಂದೀಚೆಗೆ ಮೂತಿ, ಅಂದರೆ ಹಿಮನದಿಯ ಕೆಳತುದಿ, ಹಿಂದೆ ಸರಿದಿರುವ ಕಡೆ ಈಗ ಬರೀ ಕಲ್ಲುಮಣ್ಣು. ಸೆಂಟಿನೆಲ್-2 ಉಪಗ್ರಹದ ಚಿತ್ರ ಹಾಕಿಕೊಂಡು ಗಡಿ ತಿದ್ದಿ.

ಐಸ್‌ಸ್ಯಾಟ್-2 ಧ್ರುವಗಳ ಹೊರಗೆ ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಹಾಯುವುದಿಲ್ಲ. ಸಸ್ಯಗಳ ಎತ್ತರಕ್ಕೆಂದು ಕಿರಣಗಳನ್ನು ಸುತ್ತಿನಿಂದ ಸುತ್ತಿಗೆ ಪಕ್ಕಕ್ಕೆ ಓರೆ ಮಾಡಿ, ಖಾಲಿ ಜಾಗ ತುಂಬಿಸುತ್ತಾ ಹೋಗಿದ್ದಾರೆ. ಆದ್ದರಿಂದ ಅದೇ ಬಿಂದುವಿನ ಹಿಂದಿನ ಎತ್ತರ ಕಳೆದು ಇವತ್ತಿನ ಬದಲಾವಣೆ ಹೇಳುವ ದಾರಿ ಇಲ್ಲಿಲ್ಲ. ಒಂದು ಆಧಾರ ಎತ್ತರ ನಕ್ಷೆ, ಎಲ್ಲರೂ ಡೆಮ್ ಎನ್ನುವುದು, ಬೇಕೇಬೇಕು. ಪ್ರತಿ ಲೇಸರ್ ಬಿಂದುವಿನಲ್ಲಿ ಲೇಸರ್ ಎತ್ತರದಿಂದ ಡೆಮ್ ಎತ್ತರ ಕಳೆಯುತ್ತೇವೆ.

ಯಾವ ಡೆಮ್? ಎಸ್‌ಆರ್‌ಟಿಎಂ 2000ದ ಫೆಬ್ರುವರಿಯಲ್ಲಿ ಹನ್ನೊಂದು ದಿನ ನಡೆದ ರೇಡಾರ್ ಅಳತೆ, ದಿನಾಂಕ ಸ್ಪಷ್ಟ. ಆದರೆ ಅದರ ಸಿ-ಬ್ಯಾಂಡ್ ಅಲೆ ಒಣ ಹಿಮದೊಳಗೆ ಕೆಲವು ಮೀಟರ್ ಇಳಿಯುತ್ತದೆ, ಮೇಲ್ಮೈಯನ್ನು ಇದ್ದುದಕ್ಕಿಂತ ಕೆಳಗೆ ತೋರಿಸುತ್ತದೆ. ಹಾಗಾಗಿ ಹಿಮನದಿ ತಗ್ಗಿದ್ದು ಕಡಿಮೆ ಎಂಬ ಉತ್ತರ ಬರುತ್ತದೆ. ಹಸಿರು ಲೇಸರ್ ಮೇಲ್ಮೈಯಲ್ಲೇ ಮರಳುವುದರಿಂದ ಈ ತಪ್ಪು ತಾನಾಗಿ ಕಳೆದುಹೋಗದು. ಕೋಪರ್ನಿಕಸ್‌ನ 30 ಮೀಟರ್ ಡೆಮ್ ನುಣುಪಾಗಿದೆ, ಆದರೆ 2011ರಿಂದ 2015ರವರೆಗಿನ ಎಕ್ಸ್-ಬ್ಯಾಂಡ್ ರೇಡಾರ್ ಅಳತೆಗಳ ಬೆರಕೆ, ಕೆಲವು ಗುಂಡಿಗಳನ್ನು ಬೇರೆ ಡೆಮ್‌ಗಳಿಂದ ತುಂಬಿಸಿದ್ದಾರೆ. ಡೆಮ್‌ನ ದಿನಾಂಕವನ್ನೇ ನೆಚ್ಚಿ ಬದಲಾವಣೆ ಲೆಕ್ಕಹಾಕುವುದಕ್ಕಿಂತ, ಡೆಮ್ ಅನ್ನು ಬರೀ ಆಧಾರದ ಮೇಲ್ಮೈಯಾಗಿ ಬಳಸಿ 2018ರಿಂದೀಚಿನ ಲೇಸರ್ ಬಿಂದುಗಳೊಳಗಿನ ಏರಿಳಿತ ನೋಡುವುದು ಮೇಲು. ಹೀಗೆ ಮಾಡುವಾಗ ಕೋಪರ್ನಿಕಸ್ ಡೆಮ್ ಸಾಕು.

ಮೂರನೇ ಹಂತ: ಎರಡನ್ನೂ ಒಂದೇ ಸೊನ್ನೆಗೆ ತನ್ನಿ

ಕೋಪರ್ನಿಕಸ್ ಎತ್ತರಗಳು ಇಜಿಎಂ2008 ಜಿಯಾಯ್ಡ್‌ನಿಂದ, ಎಸ್‌ಆರ್‌ಟಿಎಂ ಎತ್ತರಗಳು ಇಜಿಎಂ96ರಿಂದ. ಎರಡಕ್ಕೂ ಜಿಯಾಯ್ಡ್ ಬೆಲೆ ಕೂಡಿ ಎಲಿಪ್ಸಾಯ್ಡ್ ಎತ್ತರಕ್ಕೆ, ಅಂದರೆ ಲೇಸರ್ ಬಳಸುವ ಡಬ್ಲ್ಯುಜಿಎಸ್84 ಮೇಲ್ಮೈಯಿಂದ ಅಳೆದ ಎತ್ತರಕ್ಕೆ, ತನ್ನಿ. ಪೈಪ್ರೋಜ್‌ನಲ್ಲಿ ಇಲ್ಲಿ ಒಂದು ಹೊಂಡವಿದೆ: ಜಿಯಾಯ್ಡ್‌ನ ಗ್ರಿಡ್ ಫೈಲ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಅದು ದೂರು ಹೇಳದೆ ಎತ್ತರವನ್ನು ಇದ್ದಂತೆಯೇ ವಾಪಸು ಕೊಡಬಹುದು. ಪರಿವರ್ತನೆಯ ಮುಂಚೆ, ನಂತರ ಒಂದು ಬಿಂದುವಿನ ಎತ್ತರ ಬರೆದಿಟ್ಟುಕೊಳ್ಳಿ. ಬದಲಾಗಿಲ್ಲ ಎಂದರೆ ಪರಿವರ್ತನೆ ಆಗಿಲ್ಲ.

ಡೆಮ್‌ನಿಂದ ಬಿಂದುವಿನ ಎತ್ತರ ತೆಗೆಯುವಾಗ ಹತ್ತಿರದ ಚೌಕದ ಬೆಲೆ ಹಾಕಬೇಡಿ, ಸುತ್ತಲಿನ ನಾಲ್ಕು ಚೌಕಗಳಿಂದ ದೂರದ ತೂಕ ಹಾಕಿ, ಅಂದರೆ ಬೈಲೀನಿಯರ್ ಆಗಿ, ತೆಗೆಯಿರಿ. ಚೌಕದ ಬೆಲೆ ನಡುಮಧ್ಯದ್ದೋ ಮೂಲೆಯದ್ದೋ ನೋಡಿಕೊಳ್ಳಿ; 30 ಮೀಟರ್ ಡೆಮ್‌ನಲ್ಲಿ ಅಲ್ಲಿ ತಪ್ಪಿದರೆ 15 ಮೀಟರ್ ಅಡ್ಡ ಜರುಗುತ್ತದೆ.

ನಾಲ್ಕನೇ ಹಂತ: ಕೆಟ್ಟ ಬಿಂದುಗಳನ್ನು ಕೇರುವುದು

ಎಟಿಎಲ್06-ಕ್ವಾಲಿಟಿ-ಸಮರಿ ಎಂಬ ಕಾಲಂನಲ್ಲಿ 0 ಇದ್ದರೆ ಒಳ್ಳೆಯ ಬಿಂದು, 1 ಇದ್ದರೆ ಸಂಶಯ. ಮರಳುಗಾಡಿನಂತೆ ಚಪ್ಪಟೆಯಾದ ಅಂಟಾರ್ಕ್ಟಿಕಾಕ್ಕೆ ಇದು ಸರಿ. ಬಿರುಕು, ಬಂಡೆ, ಕಡಿದಾದ ಇಳಿಜಾರು ತುಂಬಿದ ಹಿಮಾಲಯದಲ್ಲಿ ಒಳ್ಳೆಯ ಬಿಂದುಗಳನ್ನೂ ತಳ್ಳಿಹಾಕುತ್ತದೆ. ಅದೊಂದನ್ನೇ ನೆಚ್ಚದೆ ನೆರೆಯ ತುಂಡುಗಳ ಸಾಕ್ಷಿ ಕೇಳಿ: ಪ್ರತಿ ತುಂಡಿಗೂ ದಾರಿಯುದ್ದದ ಇಳಿಜಾರು ಕೊಟ್ಟಿರುತ್ತಾರೆ, ಅದರಿಂದ 20 ಮೀಟರ್ ಮುಂದಿನ ಎತ್ತರ ಎಷ್ಟಿರಬೇಕು ಎಂದು ಲೆಕ್ಕಹಾಕಿ, ಮುಂದಿನ ತುಂಡು 2 ಮೀಟರ್ ಒಳಗೆ ಹೊಂದುತ್ತದೆಯೇ ನೋಡಿ. ಹಿಂದೆ, ಮುಂದೆ ಎರಡೂ ಕಡೆ ಹೊಂದದ ತುಂಡು ಬಿಡಿ. ಡೆಮ್‌ಗಿಂತ 100 ಮೀಟರಿಗೂ ಹೆಚ್ಚು ಮೇಲೆ ಅಥವಾ ಕೆಳಗೆ ಇರುವುದು ಮೋಡ ಅಥವಾ ಗದ್ದಲ, ಅದನ್ನೂ ಬಿಡಿ. ಎಚ್-ಎಲ್‌ಐ-ಸಿಗ್ಮಾ, ಅಂದರೆ ಎತ್ತರದಲ್ಲಿನ ತಪ್ಪಿನ ಅಂದಾಜು, 1 ಮೀಟರ್ ದಾಟಿದ್ದರೆ ಅದನ್ನೂ.

ಇಳಿಜಾರಿಗೆ ಯಾಕೆ ಇಷ್ಟು ಹೆದರಬೇಕು? 11 ಮೀಟರ್ ಮಚ್ಚೆ 30 ಡಿಗ್ರಿ ಇಳಿಜಾರಿನ ಮೇಲೆ ಬಿದ್ದರೆ ಅದರ ಮೇಲಂಚಿಗೂ ಕೆಳಂಚಿಗೂ ಎತ್ತರದಲ್ಲಿ 6.4 ಮೀಟರ್ ಅಂತರ. ಬಿಂದುವಿನ ಸ್ಥಾನ 5 ಮೀಟರ್ ಪಕ್ಕಕ್ಕೆ ತಪ್ಪಿದರೂ 25 ಡಿಗ್ರಿಯಲ್ಲಿ ಅದು 2.3 ಮೀಟರ್ ಎತ್ತರದ ತಪ್ಪಾಗುತ್ತದೆ. ಹಳೆಯ ಐಸ್‌ಸ್ಯಾಟ್‌ನ 70 ಮೀಟರ್ ಮಚ್ಚೆಗೆ 10 ಡಿಗ್ರಿಯಲ್ಲೇ 12 ಮೀಟರ್. ನಾವು ಹುಡುಕುತ್ತಿರುವುದು ವರ್ಷಕ್ಕೆ ಅರ್ಧ ಮೀಟರ್. 25 ಡಿಗ್ರಿಗಿಂತ ಕಡಿದಾದ ಕಡೆಯ ಬಿಂದುಗಳನ್ನು ಕೈಬಿಡುವುದು ಒಳ್ಳೆಯದು. ಬಿಂದುಗಳು ತೀರ ಕಡಿಮೆ ಉಳಿದರೆ ಸ್ಲೈಡ್‌ರೂಲ್ ಎಂಬ ಸೇವೆಯಿಂದ ಎಟಿಎಲ್03 ಫೋಟಾನ್‌ಗಳನ್ನು ಅವರ ಯಂತ್ರದಲ್ಲೇ 20 ಮೀಟರ್ ತುಂಡುಗಳಾಗಿ ಮಾಡಿಸಿ ತರಿಸಿಕೊಳ್ಳಬಹುದು, ಗಿಗಾಬೈಟ್ ಇಳಿಸುವ ಗೋಜಿಲ್ಲ.

ಐದನೇ ಹಂತ: ಬಂಡೆಯೇ ಬೆಂಚ್‌ಮಾರ್ಕ್

ಸಿವಿಲ್ ಓದಿದವರಿಗೆ ಇದು ಹೊಸದಲ್ಲ. ಡಂಪಿ ಲೆವೆಲ್ ಇಟ್ಟುಕೊಂಡು ಕಾಲುವೆಯ ಮಟ್ಟ ತೆಗೆಯುವಾಗ ಎತ್ತರ ಮೊದಲೇ ಗೊತ್ತಿರುವ ಗುರುತಿಗೆ, ಅಂದರೆ ಬೆಂಚ್‌ಮಾರ್ಕ್‌ಗೆ ಮರಳಿ ಬಂದು ಮುಗಿಸುತ್ತೇವೆ. ಹೊರಟ ಬೆಲೆ, ಮುಗಿದ ಬೆಲೆ ಹೊಂದದಿದ್ದರೆ ನಡುವಿನ ಯಾವ ಓದನ್ನೂ ನಂಬುವುದಿಲ್ಲ. ಇಲ್ಲಿ ಆ ಕೆಲಸ ಹಿಮನದಿಯ ಆಚೀಚೆಯ ಬಂಡೆ ಮಾಡುತ್ತದೆ. ಬಂಡೆ ಕರಗುವುದಿಲ್ಲ. ಅಲ್ಲಿ ಲೇಸರ್ ಮತ್ತು ಡೆಮ್‌ನ ವ್ಯತ್ಯಾಸ ಸೊನ್ನೆಯಾಗಬೇಕು. ಆಗದಿದ್ದರೆ ಅಷ್ಟೂ ತಪ್ಪು, ಹಿಮನದಿಯ ಮೇಲೂ ಅಷ್ಟೇ ತಪ್ಪು.

ಹಿಮನದಿಯ ಗಡಿಯಿಂದ 300 ಮೀಟರ್ ಆಚೆ, ಕೆರೆ, ನದಿಪಾತ್ರ, ಭೂಕುಸಿತ, ಉಳಿದ ಹಿಮದ ತೇಪೆ ಇಲ್ಲದ ಕಡೆಯ ಬಿಂದುಗಳನ್ನು ಪ್ರತ್ಯೇಕಿಸಿ. ಡೆಮ್ ಅಡ್ಡಡ್ಡ ಜರುಗಿದೆಯೇ ಎಂದು ಮೊದಲು ನೋಡಿ. ಡೆಮ್ 10 ಮೀಟರ್ ಪೂರ್ವಕ್ಕೆ ಜರುಗಿದ್ದರೆ, 20 ಡಿಗ್ರಿ ಇಳಿಜಾರಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಬೆಟ್ಟದ ಬದಿಯಲ್ಲಿ ವ್ಯತ್ಯಾಸ ಋಣ 3.6 ಮೀಟರ್, ಪಶ್ಚಿಮದ ಬದಿಯಲ್ಲಿ ಧನ 3.6 ಮೀಟರ್ ಬರುತ್ತದೆ. ನಟ್ ಮತ್ತು ಕೇಬ್ 2011ರಲ್ಲಿ ಪ್ರಕಟಿಸಿದ ವಿಧಾನ ಇದನ್ನೇ ಬಳಸುತ್ತದೆ: ಪ್ರತಿ ಬಿಂದುವಿನ ವ್ಯತ್ಯಾಸವನ್ನು ಅಲ್ಲಿನ ಇಳಿಜಾರಿನ ಟ್ಯಾಂಜೆಂಟ್‌ನಿಂದ ಭಾಗಿಸಿ, ಬೆಟ್ಟದ ಮುಖದ ದಿಕ್ಕಿನ ಎದುರು ಗ್ರಾಫ್ ಹಾಕಿದರೆ ಕೊಸೈನ್ ಅಲೆ ಸಿಗುತ್ತದೆ. ಅಲೆಯ ಎತ್ತರವೇ ಜರುಗಿದ ದೂರ, ಶಿಖರ ಇರುವ ದಿಕ್ಕೇ ಜರುಗಿದ ಗೆರೆಯನ್ನು ಹೇಳುತ್ತದೆ. ಡೆಮ್ ಸರಿಸಿ, ಮತ್ತೆ ಮಾಡಿ; ಜರುಗುವಿಕೆ 1 ಮೀಟರ್ ಒಳಗೆ ಬರುವವರೆಗೆ. ಎರಡು ಮೂರು ಸುತ್ತು ಸಾಕು. 5 ಡಿಗ್ರಿಗಿಂತ ಚಪ್ಪಟೆ ನೆಲ ಈ ಲೆಕ್ಕಕ್ಕೆ ಬೇಡ, ಟ್ಯಾಂಜೆಂಟ್ ಚಿಕ್ಕದಾಗಿ ಭಾಗಾಕಾರ ಹುಚ್ಚೇಳುತ್ತದೆ. ಚಿಹ್ನೆಯಲ್ಲಿ ಗೊಂದಲವಾದರೆ ಪರೀಕ್ಷೆ ಸುಲಭ: ತಪ್ಪು ಕಡೆಗೆ ಸರಿಸಿದರೆ ಎರಡನೇ ಸುತ್ತಿನಲ್ಲಿ ಅಲೆ ಇಮ್ಮಡಿಯಾಗುತ್ತದೆ.

ಅದಾದ ಮೇಲೆ ಬಂಡೆಯ ಮೇಲಿನ ಮಧ್ಯಕ ವ್ಯತ್ಯಾಸ ತೆಗೆದು ಎಲ್ಲದರಿಂದ ಕಳೆಯಿರಿ. ಹರಡುವಿಕೆಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಬೇಡ, ಒಂದೆರಡು ಮೋಡದ ಬಿಂದು ಅದನ್ನು ಹಾಳುಮಾಡುತ್ತವೆ. ಪ್ರತಿ ಬಿಂದು ಮಧ್ಯಕದಿಂದ ಎಷ್ಟು ದೂರ ಎಂದು ನೋಡಿ, ಆ ದೂರಗಳ ಮಧ್ಯಕ ತೆಗೆದು 1.4826ರಿಂದ ಗುಣಿಸಿ.

ಇನ್ನೊಂದು ಪರೀಕ್ಷೆ ಇದೆ, ಹೆಚ್ಚಿನವರು ಬಿಡುತ್ತಾರೆ. ಬಂಡೆಯ ಬಿಂದುಗಳಿಗೂ 2018ರಿಂದ ಇಲ್ಲಿಯವರೆಗೆ ಕಾಲದ ಗೆರೆ ಹೊಂದಿಸಿ. ವರ್ಷಕ್ಕೆ 5 ಸೆಂಟಿಮೀಟರಿಗಿಂತ ಹೆಚ್ಚು ಏರು ಅಥವಾ ಇಳಿತ ಕಂಡರೆ ಹಿಂದಿನ ಹಂತಗಳಲ್ಲಿ ಎಲ್ಲೋ ತಪ್ಪಿದೆ. ಬಹುತೇಕ ಸಲ ಅದು ಚಳಿಗಾಲದ ಹಿಮ ಹೊದ್ದ ಬಂಡೆ.

ಆರನೇ ಹಂತ: ಕಾಲದ ಗೆರೆ, ಮತ್ತು ಅದರೊಳಗಿನ ಮೋಸ

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಬಿಂದುಗಳನ್ನಷ್ಟೇ ಬಳಸಿ. ಲಾಹೌಲ್‌ನಲ್ಲಿ ಕರಗುವ ಕಾಲ ಮುಗಿಯುವುದು ಸೆಪ್ಟೆಂಬರ್ ಕೊನೆಗೆ. ಚಳಿಗಾಲದಲ್ಲಿ ಪಶ್ಚಿಮದ ಗಾಳಿ ತರುವ ಹಿಮ ಮೀಟರ್‌ಗಟ್ಟಲೆ ಬೀಳುತ್ತದೆ. 2019ರ ಅಕ್ಟೋಬರ್ ಬಿಂದುಗಳ ಪಕ್ಕದಲ್ಲಿ 2023ರ ಮಾರ್ಚ್ ಬಿಂದುಗಳನ್ನು ಇಟ್ಟರೆ ಹಿಮನದಿ ಬೆಳೆದಂತೆ ಕಾಣುತ್ತದೆ.

ಈಗ ಈ ಇಡೀ ವಿಧಾನದ ಅತಿ ಸೂಕ್ಷ್ಮ ಜಾಗ. ಕೋಪರ್ನಿಕಸ್ ಡೆಮ್‌ನ ಕಾಲದಿಂದ ಇಲ್ಲಿಯವರೆಗೆ ಹಿಮನದಿಯ ಮೂತಿ ಹತ್ತಾರು ಮೀಟರ್ ತಗ್ಗಿರಬಹುದು, ಮೇಲಿನ ಹಿಮಗುಡ್ಡೆ ಅಷ್ಟೇನೂ ತಗ್ಗಿಲ್ಲ. 2019ರಲ್ಲಿ ಪಥ ಮೇಲ್ಭಾಗದಲ್ಲಿ ಹಾಯ್ದು, 2023ರಲ್ಲಿ ಓರೆಯಾಗಿ ಮೂತಿಯ ಮೇಲೆ ಹಾಯ್ದರೆ, ಆ ನಾಲ್ಕು ವರ್ಷದಲ್ಲಿ ಏನೂ ಬದಲಾಗದಿದ್ದರೂ ಗೆರೆ ಭಾರಿ ಇಳಿತ ತೋರಿಸುತ್ತದೆ. ಜಾಗದ ವ್ಯತ್ಯಾಸ ಕಾಲದ ವೇಷ ಹಾಕಿಕೊಂಡು ಬರುತ್ತದೆ. ಇದಕ್ಕೆ ಮದ್ದು: ಎತ್ತರದ ಪಟ್ಟೆಗಳಾಗಿ ವಿಂಗಡಿಸಿ, ಪ್ರತಿ ಪಟ್ಟೆಯೊಳಗೆ ಬೇರೆ ಬೇರೆ ಗೆರೆ ಹೊಂದಿಸಿ. ಕಲ್ಲುಮಣ್ಣು ಹೊದ್ದ ಭಾಗವನ್ನೂ ಬರಿಯ ಮಂಜುಗಡ್ಡೆಯನ್ನೂ ಬೇರೆ ಇಡಿ. ದಪ್ಪ ಕಲ್ಲುಹೊದಿಕೆಯ ಕೆಳಗೆ ಕರಗುವ ವೇಗವೇ ಬೇರೆ. ಗೆರೆಗೆ ಸಾಮಾನ್ಯ ಲೀಸ್ಟ್ ಸ್ಕ್ವೇರ್ ಬದಲು ಎರಡೆರಡು ಬಿಂದುಗಳ ಇಳಿಜಾರುಗಳ ಮಧ್ಯಕ ತೆಗೆಯುವ ಥೈಲ್–ಸೆನ್ ವಿಧಾನ ಬಳಸಿ, ಹಾಳು ಬಿಂದುಗಳಿಗೆ ಅದು ಬಗ್ಗುವುದಿಲ್ಲ.

ಪಟ್ಟೆಗಳ ಉತ್ತರಗಳನ್ನು ವಿಸ್ತೀರ್ಣದ ತೂಕ ಹಾಕಿ ಕೂಡಿಸಬೇಕು. ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಹಿಮನದಿ: 4,200–4,600 ಮೀಟರ್ ಪಟ್ಟೆ 2 ಚದರ ಕಿಲೋಮೀಟರ್, ವರ್ಷಕ್ಕೆ 1.8 ಮೀಟರ್ ಇಳಿತ. 4,600–5,000 ಪಟ್ಟೆ 4 ಚದರ ಕಿಲೋಮೀಟರ್, 0.9 ಇಳಿತ. 5,000–5,400 ಪಟ್ಟೆ 6 ಚದರ ಕಿಲೋಮೀಟರ್, 0.3 ಇಳಿತ. 5,400–5,800 ಪಟ್ಟೆ 3 ಚದರ ಕಿಲೋಮೀಟರ್, ಬದಲಾವಣೆ ಇಲ್ಲ. ನಾಲ್ಕು ಇಳಿತಗಳನ್ನು ಸುಮ್ಮನೆ ಸರಾಸರಿ ಮಾಡಿದರೆ 0.75. ವಿಸ್ತೀರ್ಣದಿಂದ ಗುಣಿಸಿ ಕೂಡಿದರೆ 9.0, ಅದನ್ನು 15ರಿಂದ ಭಾಗಿಸಿದರೆ 0.60. ಈ ಎರಡರ ಅಂತರ ಸಣ್ಣದೇನಲ್ಲ.

ಎತ್ತರದಿಂದ ನೀರಿಗೆ

ಮೇಲಿನ ಕಲ್ಪಿತ ಹಿಮನದಿ 15 ಚದರ ಕಿಲೋಮೀಟರ್, ವರ್ಷಕ್ಕೆ 0.60 ಮೀಟರ್ ಇಳಿತ. ಗಾತ್ರ 90 ಲಕ್ಷ ಘನಮೀಟರ್. ಅದೆಲ್ಲ ಗಟ್ಟಿ ಮಂಜುಗಡ್ಡೆಯಲ್ಲ, ಸಡಿಲ ಹಿಮವೂ ಸೇರಿದೆ. ಅದಕ್ಕೆ ಸಾಮಾನ್ಯವಾಗಿ ಬಳಸುವ ಸಾಂದ್ರತೆ ಘನಮೀಟರಿಗೆ 850 ಕಿಲೋಗ್ರಾಂ, 60 ಹೆಚ್ಚು ಕಡಿಮೆ. ಇದು ಐದು ವರ್ಷಕ್ಕಿಂತ ದೀರ್ಘ ಅವಧಿಗೆ ಹೊಂದುವ ಸಂಖ್ಯೆ. ಎರಡು ವರ್ಷದ ಬದಲಾವಣೆಗೆ ಹಾಕಬೇಡಿ. ನೀರು 76.5 ಲಕ್ಷ ಘನಮೀಟರ್, ಅಂದರೆ ಹಿಮನದಿಯ ಮೇಲೆ ಹರಡಿದರೆ 0.51 ಮೀಟರ್. ಒಂದು ಟಿಎಂಸಿ ಎಂದರೆ 283 ಲಕ್ಷ ಘನಮೀಟರ್. ಇದು ಸುಮಾರು 0.27 ಟಿಎಂಸಿ. ಮಾರಿಕಣಿವೆಯ ಸಾಮರ್ಥ್ಯ ಸುಮಾರು 30 ಟಿಎಂಸಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಉತ್ತರ ಹತ್ತು ಪಟ್ಟು ತಪ್ಪಿದೆಯೇ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಸಣ್ಣ ಹಿಮನದಿಯೊಂದು ವರ್ಷಕ್ಕೆ 3 ಟಿಎಂಸಿ ಕಳೆದುಕೊಳ್ಳುತ್ತಿದೆ ಎಂದು ಬಂದರೆ ಚದರ ಕಿಲೋಮೀಟರನ್ನು ಚದರ ಮೀಟರ್ ಮಾಡುವಲ್ಲಿ ಸೊನ್ನೆ ತಪ್ಪಿರುತ್ತದೆ.

ಉತ್ತರದ ಪಕ್ಕ ಬರೆಯುವ ತಪ್ಪಿನ ಅಂದಾಜು

4,000 ಬಿಂದುಗಳಿವೆ ಎಂದು ಹರಡುವಿಕೆಯನ್ನು 4,000ದ ವರ್ಗಮೂಲದಿಂದ ಭಾಗಿಸಿ ಒಂದೆರಡು ಸೆಂಟಿಮೀಟರ್ ತಪ್ಪು ಎಂದು ಬರೆದ ಪ್ರಾಜೆಕ್ಟ್ ವರದಿಗಳು ಬೇಕಾದಷ್ಟಿವೆ. ಆ 4,000 ಬಿಂದುಗಳು ಆರು ಹಾಯುವಿಕೆಗಳಿಂದ ಬಂದಿದ್ದರೆ, ಒಂದು ಹಾಯುವಿಕೆಯ ಬಿಂದುಗಳೆಲ್ಲ ಒಂದೇ ದಿನದ ಒಂದೇ ಸ್ಥಾನದೋಷವನ್ನು ಹಂಚಿಕೊಂಡಿವೆ. ಸ್ವತಂತ್ರ ಸಾಕ್ಷಿಗಳು ಆರು, 4,000 ಅಲ್ಲ. ಒಂದೊಂದು ಹಾಯುವಿಕೆಯನ್ನು ಇಡಿಯಾಗಿ ತೆಗೆದು ಗೆರೆಯನ್ನು ಮತ್ತೆ ಹೊಂದಿಸಿ. ಉತ್ತರ ಎಷ್ಟು ಅಲುಗುತ್ತದೆ ನೋಡಿ. ಒಂದೇ ಹಾಯುವಿಕೆ ತೆಗೆದಾಗ 0.6 ಹೋಗಿ 0.3 ಆದರೆ ವರದಿಯಲ್ಲಿ ಹಾಗೆಯೇ ಬರೆಯಿರಿ. ಇದರ ಜೊತೆಗೆ ಬಂಡೆಯ ಮೇಲೆ ಉಳಿದ ವ್ಯತ್ಯಾಸ, ಸಾಂದ್ರತೆಯ 60, ಗಡಿ ಬರೆದದ್ದರಲ್ಲಿನ ತಪ್ಪು: ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಿರಿ.

ಕೇಬ್ ಮತ್ತು ಸಂಗಡಿಗರು 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಹಳೆಯ ಐಸ್‌ಸ್ಯಾಟ್ ಮತ್ತು ಎಸ್‌ಆರ್‌ಟಿಎಂ ಇಟ್ಟುಕೊಂಡು 2003ರಿಂದ 2008ರವರೆಗಿನ ಹಿಂದೂಕುಶ್, ಕಾರಾಕೋರಂ, ಹಿಮಾಲಯದ ಲೆಕ್ಕ ಕೊಟ್ಟಾಗ ಒಂದೊಂದು ಹಿಮನದಿಯ ಸಂಖ್ಯೆ ಕೊಡದೆ ದೊಡ್ಡ ದೊಡ್ಡ ವಲಯಗಳ ಸಂಖ್ಯೆ ಕೊಟ್ಟದ್ದು ಇದೇ ಕಾರಣಕ್ಕೆ: ಬಿಂದುಗಳ ರಾಶಿ ವಲಯಕ್ಕೆ ಸಾಲುತ್ತದೆ, ಒಂದು ಹಿಮನದಿಗೆ ಸಾಲುವುದಿಲ್ಲ. ನೀವೂ ಚಂದ್ರಾ ಜಲಾನಯನಕ್ಕೆ ಒಂದು ಸಂಖ್ಯೆ ಕೊಡಿ. ಛೋಟಾ ಶಿಗ್ರಿಯ ಮೇಲಿನ ಬಿಂದುಗಳನ್ನು ನೆಲದ ಅಳತೆಯ ಜೊತೆ ಹೋಲಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ವರದಿಯ ಮೊದಲ ಪುಟದಲ್ಲೇ ಇವಿಷ್ಟು ಬರೆದಿಡಿ: ಎಟಿಎಲ್06ನ ಆವೃತ್ತಿ, ಡೆಮ್‌ನ ಹೆಸರು, ಅದನ್ನು ಎಷ್ಟು ಮೀಟರ್ ಯಾವ ದಿಕ್ಕಿಗೆ ಸರಿಸಿದಿರಿ, ಬಂಡೆಯ ಮಧ್ಯಕ ವ್ಯತ್ಯಾಸ, ಬಂಡೆಯ ಮೇಲಿನ ಕಾಲದ ಗೆರೆ, ಹಾಯುವಿಕೆಗಳ ಸಂಖ್ಯೆ ಮತ್ತು ದಿನಾಂಕಗಳು. ಮಾರಿಕಣಿವೆಯ ಪರೀಕ್ಷೆಯಲ್ಲಿ ಎಷ್ಟು ಸೆಂಟಿಮೀಟರ್ ಹೊಂದಿತು ಎಂಬುದನ್ನೂ ಅಲ್ಲೇ ಸೇರಿಸಿ, ಜೊತೆಗೆ ಆ ಎರಡು ದಿನಗಳ ಪತ್ರಿಕೆಯ ಅಡಿ ಲೆಕ್ಕ.